ಐಸ್ ಹಾಕಿ: ಇಪ್ಪತ್ತೇಳರವರೆಗೆ ಕಾಯುವ ಆಟಗಾರ

2025ರ ಜುಲೈನಲ್ಲಿ ಕೆನಡಾದ 17 ವರ್ಷದ ಹುಡುಗನೊಬ್ಬ ತಾನು ಯಾವ ಕಾಲೇಜಿಗೆ ಸೇರುತ್ತೇನೆ ಎಂದು ಟಿವಿಯಲ್ಲಿ ಹೇಳಿದ. ಹೆಸರು ಗ್ಯಾವಿನ್ ಮೆಕೆನ್ನಾ. ದೂರದ ಉತ್ತರದಲ್ಲಿರುವ ಯೂಕಾನ್‌ನ ವೈಟ್‌ಹಾರ್ಸ್ ಊರಿನವನು. ಅದರ ಹಿಂದಿನ ಸೀಸನ್‌ನಲ್ಲಿ ಮೆಡಿಸಿನ್ ಹ್ಯಾಟ್ ಟೈಗರ್ಸ್ ಎಂಬ ಜೂನಿಯರ್ ತಂಡದಲ್ಲಿ ಆಡಿ, 56 ಪಂದ್ಯಗಳಲ್ಲಿ 129 ಪಾಯಿಂಟ್ ಗಳಿಸಿದ್ದ. ಈ ಆಟದಲ್ಲಿ ಗೋಲು ಹೊಡೆದರೂ ಒಂದು ಪಾಯಿಂಟ್, ಗೋಲಿಗೆ ಪಾಸ್ ಕೊಟ್ಟರೂ ಒಂದು ಪಾಯಿಂಟ್. ಅಂದರೆ ಪಂದ್ಯಕ್ಕೆ ಎರಡಕ್ಕಿಂತ ಜಾಸ್ತಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡುತ್ತೇನೆ ಎಂದು ಅವನು ಹೇಳಿದ್ದು ಹಾಕಿ ಲೋಕದಲ್ಲಿ ಆ ಬೇಸಿಗೆಯ ದೊಡ್ಡ ಸುದ್ದಿಯಾಯಿತು.

ಹುಡುಗ ಕಾಲೇಜು ಸೇರುವುದರಲ್ಲಿ ಏನು ಸುದ್ದಿ ಅಂತ ಕೇಳಬಹುದು. ಒಂದು ವರ್ಷ ಮೊದಲಾಗಿದ್ದರೆ ಅವನಿಗೆ ಆ ಬಾಗಿಲೇ ಇರಲಿಲ್ಲ. ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದ ಹುಡುಗರನ್ನು ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ವೃತ್ತಿಪರರು ಎಂದೇ ಲೆಕ್ಕ ಹಾಕುತ್ತಿತ್ತು. ಅವರಿಗೆ ಸಿಗುತ್ತಿದ್ದದ್ದು ಕೈಖರ್ಚಿನಷ್ಟು ಹಣ. ಆದರೂ ಕಾಲೇಜು ತಂಡಕ್ಕೆ ಅವರು ಅನರ್ಹರು. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಈ ನಿಯಮವನ್ನು ಕೈಬಿಟ್ಟಿತು. 2025ರ ಆಗಸ್ಟ್ 1ರಿಂದ ಬಾಗಿಲು ತೆರೆಯಿತು.

ಅದೇ ಬೇಸಿಗೆಯಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಐಸ್ ಹಾಕಿಯ ಅತಿ ದೊಡ್ಡ ವೃತ್ತಿಪರ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಆಟಗಾರರ ಸಂಘದ ಜತೆ ಹೊಸ ಒಪ್ಪಂದ ಮಾಡಿಕೊಂಡಿತು. ಅದರ ಅವಧಿ 2026ರ ಸೆಪ್ಟೆಂಬರ್‌ನಿಂದ 2030ರ ಸೆಪ್ಟೆಂಬರ್‌ವರೆಗೆ. ಸುದ್ದಿಯಲ್ಲಿ ಬಂದದ್ದು ಹೆಚ್ಚಾಗಿ ಹಣದ ಅಂಕಿಗಳು. ನನಗೆ ಈ ಎರಡು ಬದಲಾವಣೆಗಳಲ್ಲಿ ಕಾಣುವ ಪ್ರಶ್ನೆ ಬೇರೆ. ಒಬ್ಬ ಐಸ್ ಹಾಕಿ ಆಟಗಾರ ತನ್ನ ಬದುಕಿನ ದಾರಿಯನ್ನು ತಾನೇ ಆರಿಸಿಕೊಳ್ಳುವುದು ಯಾವ ವಯಸ್ಸಿನಲ್ಲಿ? ಇಲ್ಲಿಯವರೆಗಿನ ಉತ್ತರ: ಹೆಚ್ಚಿನವರಿಗೆ 27ರಲ್ಲಿ. ಅಷ್ಟರಲ್ಲಿ ಅವನ ಒಳ್ಳೆಯ ವರ್ಷಗಳು ಅರ್ಧಕ್ಕಿಂತ ಹೆಚ್ಚು ಕಳೆದಿರುತ್ತವೆ.

ಹದಿನಾಲ್ಕರಲ್ಲಿ ಶುರು

ಪಶ್ಚಿಮ ಕೆನಡಾದ ಜೂನಿಯರ್ ಲೀಗ್ ಆದ ಡಬ್ಲ್ಯುಎಚ್‌ಎಲ್, ಆ ವರ್ಷ 15 ತುಂಬುವ ಹುಡುಗರನ್ನು ಡ್ರಾಫ್ಟ್ ಮಾಡುತ್ತದೆ. ಅಂದರೆ ತಂಡಗಳು ಸರದಿಯಲ್ಲಿ ಒಬ್ಬೊಬ್ಬರನ್ನೇ ಆರಿಸುತ್ತವೆ. ಡ್ರಾಫ್ಟ್ ನಡೆಯುವುದು ವರ್ಷದ ಮೊದಲ ಅರ್ಧದಲ್ಲಿ. ಹಾಗಾಗಿ ಎಷ್ಟೋ ಹುಡುಗರಿಗೆ ಆಗ ಇನ್ನೂ 14. ಮೆಕೆನ್ನಾಗೂ ಅಷ್ಟೇ ವಯಸ್ಸು. 2022ರಲ್ಲಿ ಅವನನ್ನು ಮೊದಲನೆಯವನಾಗಿ ಆರಿಸಿದ್ದು ಮೆಡಿಸಿನ್ ಹ್ಯಾಟ್. ಯಾವ ಊರಿಗೆ ಹೋಗಬೇಕು ಎಂಬುದನ್ನು ಡ್ರಾಫ್ಟ್ ತೀರ್ಮಾನಿಸುತ್ತದೆ, ಹುಡುಗನಲ್ಲ. ಅಲ್ಲಿಗೆ ಹೋದ ಮೇಲೆ ಅವನು ಇರುವುದು ಅಪರಿಚಿತರ ಮನೆಯಲ್ಲಿ. ಇದಕ್ಕೆ ಬಿಲೆಟ್ ಮನೆ ಎನ್ನುತ್ತಾರೆ. ಊರಿನ ಒಂದು ಕುಟುಂಬ ಆಟಗಾರನನ್ನು ಮನೆಯಲ್ಲಿ ಇಟ್ಟುಕೊಂಡು ಊಟ ಹಾಕುತ್ತದೆ. ಅದರ ಖರ್ಚಿಗೆ ತಂಡ ಒಂದಿಷ್ಟು ಹಣ ಕೊಡುತ್ತದೆ. ಎಷ್ಟೋ ಆಟಗಾರರು ಮದುವೆಗೆ ಬಿಲೆಟ್ ಮನೆಯವರನ್ನೂ ಕರೆಯುತ್ತಾರೆ, ಅಷ್ಟು ಹತ್ತಿರದ ನಂಟು ಅದು. ಆದರೆ ಹದಿನಾರು ವರ್ಷದ ಮಗ ಮನೆಯಲ್ಲಿಲ್ಲ ಎಂಬುದು ಆ ತಾಯಿ ತಂದೆಗೆ ಸಣ್ಣ ವಿಷಯ ಅಲ್ಲ, ಅಲ್ವಾ?

ಬೆಳಿಗ್ಗೆ ಶಾಲೆ, ಮಧ್ಯಾಹ್ನ ಅಭ್ಯಾಸ, ರಾತ್ರಿ ಬಸ್ಸು. ಡಬ್ಲ್ಯುಎಚ್‌ಎಲ್‌ನಲ್ಲಿ ಒಂದು ಸೀಸನ್‌ಗೆ 68 ಪಂದ್ಯ. ಮ್ಯಾನಿಟೋಬಾದ ಬ್ರ್ಯಾಂಡನ್‌ನಿಂದ ಪೆಸಿಫಿಕ್ ತೀರದ ವಿಕ್ಟೋರಿಯಾವರೆಗೆ ಈ ಲೀಗ್ ಹರಡಿದೆ. ಚಳಿಗಾಲದ ಹಿಮದ ರಸ್ತೆಯಲ್ಲಿ ಗಂಟೆಗಟ್ಟಲೆ ಪ್ರಯಾಣ. 1986ರ ಡಿಸೆಂಬರ್ 30ರಂದು ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡದ ಬಸ್ಸು ಉರುಳಿ ನಾಲ್ವರು ಆಟಗಾರರು ಸತ್ತರು. 2018ರ ಏಪ್ರಿಲ್ 6ರಂದು ಹಂಬೋಲ್ಟ್ ಬ್ರಾಂಕೋಸ್ ಎಂಬ ಇನ್ನೊಂದು ಜೂನಿಯರ್ ತಂಡದ ಬಸ್ಸಿಗೂ ಲಾರಿಗೂ ಡಿಕ್ಕಿಯಾಗಿ 16 ಜನ ತೀರಿಕೊಂಡರು. ಈ ವೃತ್ತಿಯ ಅಪಾಯ ಎಂದರೆ ಎಲ್ಲರೂ ರಿಂಕ್ (ಆಡುವ ಐಸ್ ಅಂಗಳ) ಒಳಗಿನ ಏಟುಗಳನ್ನೇ ನೆನೆಯುತ್ತಾರೆ. ಈ ಬಸ್ಸುಗಳನ್ನೂ ನೆನೆಯಬೇಕು.

ಯಾರು ಇಲ್ಲಿಯವರೆಗೆ ಬರುತ್ತಾರೆ ಎಂಬುದರಲ್ಲೂ ಹುಡುಗನ ಕೈ ಮೀರಿದ ಸಂಗತಿಗಳಿವೆ. ಮೊದಲನೆಯದು ಮನೆಯ ಹಣ. ಸ್ಕೇಟ್, ಸ್ಟಿಕ್, ರಕ್ಷಾ ಕವಚ, ರಿಂಕ್ ಬಾಡಿಗೆ, ಊರೂರಿನ ಪಂದ್ಯಾವಳಿ. ಮಕ್ಕಳ ಆಟಗಳಲ್ಲಿ ಇಷ್ಟು ದುಬಾರಿಯಾದವು ಕಡಿಮೆ. ಎರಡನೆಯದು ಹುಟ್ಟಿದ ತಿಂಗಳು. ಇದು ವಿಚಿತ್ರ ಅನ್ನಿಸಬಹುದು. ಕೆನಡಾದಲ್ಲಿ ಮಕ್ಕಳ ತಂಡಗಳನ್ನು ಕ್ಯಾಲೆಂಡರ್ ವರ್ಷದ ಪ್ರಕಾರ ವಿಂಗಡಿಸುತ್ತಾರೆ. ಎಂಟು ವರ್ಷದವರ ತಂಡದಲ್ಲಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಎತ್ತರ ಜಾಸ್ತಿ, ಬಲ ಜಾಸ್ತಿ. ಕೋಚ್ ಕಣ್ಣಿಗೆ ಬೀಳುತ್ತಾನೆ, ಒಳ್ಳೆಯ ತಂಡ ಸಿಗುತ್ತದೆ, ಅಭ್ಯಾಸ ಹೆಚ್ಚುತ್ತದೆ. 1980ರ ದಶಕದಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಆಟಗಾರರ ಜನ್ಮದಿನಗಳನ್ನು ಲೆಕ್ಕ ಹಾಕಿ ನೋಡಿದಾಗ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಎದ್ದು ಕಾಣುವಷ್ಟು ಹೆಚ್ಚಿದ್ದರು. ಮೆಕೆನ್ನಾ ಹುಟ್ಟಿದ್ದು ಡಿಸೆಂಬರ್ 20ರಂದು. ಆ ಲೆಕ್ಕವನ್ನು ಮೀರಿ ಬಂದವನು ಅವನು. ಮೀರಲಾಗದೆ ಎಂಟರಲ್ಲೋ ಹತ್ತರಲ್ಲೋ ಹಿಂದೆ ಉಳಿದವರ ಹೆಸರು ನಮಗೆ ಗೊತ್ತಾಗುವುದೇ ಇಲ್ಲ.

ಡ್ರಾಫ್ಟ್ ಆದ ಮೇಲೆ

18ಕ್ಕೆ ಎನ್‌ಎಚ್‌ಎಲ್ ಡ್ರಾಫ್ಟ್. 32 ತಂಡ, 7 ಸುತ್ತು, ಒಟ್ಟು 224 ಆಟಗಾರರು. ಹೆಸರು ಕರೆದಾಗ ಹುಡುಗ ಹೊಸ ಜೆರ್ಸಿ ತೊಟ್ಟು ಫೋಟೊಗೆ ನಿಲ್ಲುತ್ತಾನೆ. ನೋಡುವವರಿಗೆ ಗುರಿ ಮುಟ್ಟಿದ ಹಾಗೆ ಕಾಣುತ್ತದೆ. ನಿಜಕ್ಕೂ ಆಗ ಅವನಿಗೆ ಸಿಕ್ಕಿರುವುದು ಕೆಲಸವಲ್ಲ. ಒಂದು ತಂಡಕ್ಕೆ ಅವನ ಮೇಲೆ ಹಕ್ಕು ಸಿಕ್ಕಿದೆ, ಅಷ್ಟೇ.

ಜೂನಿಯರ್ ಲೀಗ್‌ನಿಂದ ಬಂದವನಿಗೆ ಇಲ್ಲೊಂದು ಇಕ್ಕಟ್ಟು ಇತ್ತು. 20 ತುಂಬುವವರೆಗೆ ಅವನು ಒಂದೋ ಎನ್‌ಎಚ್‌ಎಲ್‌ನಲ್ಲಿ ಆಡಬೇಕು, ಇಲ್ಲವೇ ಅದೇ ಜೂನಿಯರ್ ತಂಡಕ್ಕೆ ವಾಪಸ್ ಹೋಗಬೇಕು. ನಡುವಿನ ಮೆಟ್ಟಿಲಾದ ಎಎಚ್‌ಎಲ್ ಲೀಗ್‌ಗೆ ಹೋಗುವಂತಿರಲಿಲ್ಲ. ಜೂನಿಯರ್‌ಗಿಂತ ಮೇಲೆ, ಎನ್‌ಎಚ್‌ಎಲ್‌ಗಿಂತ ಕೆಳಗೆ ಇರುವ 19ರ ಹುಡುಗನಿಗೆ ಇದರಿಂದ ಒಂದು ವರ್ಷ ಸುಮ್ನೆ ಹಾಳು. ಜೂನಿಯರ್ ಕ್ಲಬ್‌ಗಳಿಗೆ ತಮ್ಮ ತಾರೆ ಟಿಕೆಟ್ ಮಾರಲು ಬೇಕಿತ್ತು. ನಿಯಮದ ಬೇರು ಇರುವುದು ಅಲ್ಲಿ. ಹೊಸ ಒಪ್ಪಂದದಲ್ಲಿ ಇದು ಸ್ವಲ್ಪ ಸಡಿಲವಾಗಿದೆ. ಪ್ರತಿ ಎನ್‌ಎಚ್‌ಎಲ್ ತಂಡ ಇಂಥ 19 ವರ್ಷದ ಒಬ್ಬನನ್ನು ಎಎಚ್‌ಎಲ್‌ಗೆ ಕಳಿಸಬಹುದು. ಒಬ್ಬನನ್ನು ಮಾತ್ರ.

ಮೊದಲ ಒಪ್ಪಂದದ ಸಂಬಳಕ್ಕೂ ಮಿತಿ ಇದೆ. ಇದರ ಹಿಂದೆ ಒಬ್ಬ ಆಟಗಾರನ ಕಥೆ ಇದೆ. 1993ರಲ್ಲಿ ಒಟ್ಟಾವ ತಂಡ ಅಲೆಕ್ಸಾಂಡ್ರ್ ಡೇಗ್ಲ್ ಎಂಬ ಹುಡುಗನನ್ನು ಮೊದಲನೆಯವನಾಗಿ ಆರಿಸಿ, 5 ವರ್ಷಕ್ಕೆ 1 ಕೋಟಿ 22 ಲಕ್ಷ 50 ಸಾವಿರ ಡಾಲರ್ ಕೊಟ್ಟಿತು. ಅವನು ಆ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. 1995ರ ಒಪ್ಪಂದದಲ್ಲಿ ಮಾಲೀಕರು ಹೊಸಬರ ಸಂಬಳಕ್ಕೆ ಮೇಲ್ಮಿತಿ ಹಾಕಿಸಿದರು. ಅಂದಿನಿಂದ ಇಂದಿನವರೆಗೆ ಪ್ರತಿ ಹೊಸ ಆಟಗಾರ ಆ ಮಿತಿಯ ಕೆಳಗೇ ಸಹಿ ಹಾಕುತ್ತಾನೆ. 18ರಿಂದ 21ರೊಳಗೆ ಸಹಿ ಹಾಕಿದರೆ ಮೂರು ವರ್ಷ ಬಂಧಿ. ಒಂದು ತಂಡದ ತಪ್ಪು ಲೆಕ್ಕಕ್ಕೆ ಮೂವತ್ತು ವರ್ಷಗಳಿಂದ ಬಂದ ಹೊಸಬರೆಲ್ಲ ಬೆಲೆ ತೆರುತ್ತಿದ್ದಾರೆ ಎಂದರೆ ಅತಿಯಾಗದು.

ಹೆಚ್ಚಿನ ಹೊಸಬರು ಸಹಿ ಹಾಕುವುದು ಎರಡು ದರದ ಒಪ್ಪಂದಕ್ಕೆ. ಎನ್‌ಎಚ್‌ಎಲ್ ತಂಡದಲ್ಲಿದ್ದ ದಿನಕ್ಕೆ ಒಂದು ಸಂಬಳ, ಎಎಚ್‌ಎಲ್‌ಗೆ ಇಳಿದ ದಿನಕ್ಕೆ ಅದರ ಸುಮಾರು ಹತ್ತನೇ ಒಂದು ಭಾಗ. ದಿನದ ಲೆಕ್ಕ. ಬೆಳಿಗ್ಗೆ ಫೋನ್ ಬರುತ್ತದೆ, ಸಂಜೆಗೆ ಬೇರೆ ಊರು. ಮರುದಿನ ಮತ್ತೆ ಕೆಳಗೆ. ಹೊಸಬನನ್ನು ಇಳಿಸಲು ಮೊದಲ ಕೆಲವು ವರ್ಷ ತಂಡಕ್ಕೆ ಅಡ್ಡಿಯಿಲ್ಲ. ಹಳಬನನ್ನು ಇಳಿಸಬೇಕಾದರೆ ಮೊದಲು ಉಳಿದ ಎಲ್ಲ ತಂಡಗಳ ಮುಂದೆ ಇಡಬೇಕು, ಬೇಕಾದವರು ಅವನನ್ನು ಎತ್ತಿಕೊಳ್ಳಬಹುದು. ಹಾಗಾಗಿ ಇಬ್ಬರೂ ಒಂದೇ ಮಟ್ಟದಲ್ಲಿ ಆಡುತ್ತಿದ್ದರೂ ಕೆಳಗೆ ಹೋಗುವವನು ಹೊಸಬನೇ.

ಇನ್ನೂ ಕೆಳಗಿನ ಮೆಟ್ಟಿಲು ಇಸಿಎಚ್‌ಎಲ್. ಅಲ್ಲಿ ಸಂಬಳ ವಾರದ ಲೆಕ್ಕದಲ್ಲಿ. ಇರಲು ಮನೆ ತಂಡ ಕೊಡುತ್ತದೆ. ಆಟ ಅಲ್ಲೂ ಗಟ್ಟಿಯಾಗಿಯೇ ಇರುತ್ತದೆ, ಏಟೂ ಅಷ್ಟೇ ಗಟ್ಟಿ. 2025ರ ಡಿಸೆಂಬರ್ ಕೊನೆಯಲ್ಲಿ ಆ ಲೀಗ್‌ನ ಆಟಗಾರರು ಮುಷ್ಕರ ಹೂಡಿದರು. ಹಾಕಿ ಆಟಗಾರ ಎಂದರೆ ಕೋಟ್ಯಧಿಪತಿ ಎಂದುಕೊಂಡವರು ಈ ಮುಷ್ಕರವನ್ನು ಗಮನಿಸಬೇಕಿತ್ತು.

ಬಿಡುಗಡೆಯ ವಯಸ್ಸು

ಮೂರು ವರ್ಷ ಮುಗಿದರೂ ಆಟಗಾರ ಸ್ವತಂತ್ರನಲ್ಲ. ಅವನ ಹಕ್ಕು ಇನ್ನೂ ಹಳೆಯ ತಂಡದ ಕೈಯಲ್ಲೇ ಇರುತ್ತದೆ. ಬೇರೆ ತಂಡ ಅವನಿಗೆ ಬೆಲೆ ಕಟ್ಟಬಹುದು, ಆದರೆ ಹಳೆಯ ತಂಡ ಅದೇ ಬೆಲೆ ಕೊಟ್ಟು ಉಳಿಸಿಕೊಳ್ಳಬಹುದು. ಬಿಟ್ಟುಕೊಟ್ಟರೆ ಪರಿಹಾರವಾಗಿ ಡ್ರಾಫ್ಟ್ ಸರದಿಗಳು ಸಿಗುತ್ತವೆ. ಹೀಗೆ ಬೇರೆ ತಂಡ ಬೆಲೆ ಕಟ್ಟುವುದಕ್ಕೆ ಆಫರ್ ಶೀಟ್ ಎನ್ನುತ್ತಾರೆ. ನಿಯಮದಲ್ಲಿ ಇದೆ, ಬಳಕೆಯಲ್ಲಿ ಅಪರೂಪ. ತಂಡದ ಮ್ಯಾನೇಜರ್‌ಗಳು ಒಬ್ಬರ ಆಟಗಾರರಿಗೆ ಇನ್ನೊಬ್ಬರು ಕೈಹಾಕದ ಒಂದು ಮೌನ ರೂಢಿ ಬಹುಕಾಲ ನಡೆದಿದೆ. 2024ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ಈ ರೂಢಿ ಮುರಿಯಿತು. ಎಡ್ಮಂಟನ್‌ನ ಇಬ್ಬರು ಯುವಕರಿಗೆ, ಫಿಲಿಪ್ ಬ್ರೋಬರ್ಗ್ ಮತ್ತು ಡಿಲನ್ ಹಾಲೊವೆಗೆ, ಒಟ್ಟಿಗೇ ಆಫರ್ ಶೀಟ್ ಕೊಟ್ಟಿತು. ಎಡ್ಮಂಟನ್‌ಗೆ ಆ ಬೆಲೆ ಸರಿದೂಗಿಸಲು ಆಗಲಿಲ್ಲ. ಇಬ್ಬರೂ ಹೊರಟರು, ಹೊಸ ತಂಡದಲ್ಲಿ ಹೆಚ್ಚು ಹೊತ್ತು ಆಡಿದರು, ಚೆನ್ನಾಗಿ ಆಡಿದರು. ಅವರ ಮೌಲ್ಯ ಹಳೆಯ ತಂಡ ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಯಾರೋ ಕೇಳುವವರೆಗೆ ಅದು ಹೊರಗೆ ಬರಲಿಲ್ಲ.

ಪೂರ್ತಿ ಬಿಡುಗಡೆ 27ಕ್ಕೆ, ಅಥವಾ ಏಳು ಸೀಸನ್ ಪೂರೈಸಿದ ಮೇಲೆ. ಅದು ಕೂಡ ಸುಮ್ಮನೆ ಸಿಕ್ಕಿದ್ದಲ್ಲ. ಹಳೆಯ ಕಾಲದಲ್ಲಿ ಆಟಗಾರ ಒಂದು ತಂಡಕ್ಕೆ ಸೇರಿದರೆ ಅವರಾಗಿ ಬಿಡುವವರೆಗೆ ಅವರವನೇ. 1957ರಲ್ಲಿ ಡೆಟ್ರಾಯಿಟ್‌ನ ತಾರೆ ಟೆಡ್ ಲಿಂಡ್ಸೆ ಆಟಗಾರರ ಸಂಘ ಕಟ್ಟಲು ಹೊರಟರು. ತಂಡ ಅವರನ್ನು ಆಗ ಕೊನೆಯ ಸ್ಥಾನದಲ್ಲಿ ನರಳುತ್ತಿದ್ದ ಶಿಕಾಗೋಗೆ ಕಳಿಸಿಬಿಟ್ಟಿತು. ಸಂಘ ನಿಂತದ್ದು ಹತ್ತು ವರ್ಷದ ನಂತರ, 1967ರಲ್ಲಿ. 1972ರಲ್ಲಿ ಡಬ್ಲ್ಯುಎಚ್‌ಎ ಎಂಬ ಪ್ರತಿಸ್ಪರ್ಧಿ ಲೀಗ್ ಹುಟ್ಟಿತು. ಶಿಕಾಗೋದ ತಾರೆ ಬಾಬಿ ಹಲ್ ಅದಕ್ಕೆ ಸಹಿ ಹಾಕಿದ್ದಕ್ಕೇ 10 ಲಕ್ಷ ಡಾಲರ್ ಪಡೆದು ವಿನಿಪೆಗ್‌ಗೆ ಹೋದರು. ಆಟಗಾರರ ಸಂಬಳ ಏರಿದ್ದು ಎರಡನೇ ಗಿರಾಕಿ ಬಂದ ಮೇಲೆ. 2005ರ ಮುಂಚೆ ಪೂರ್ತಿ ಬಿಡುಗಡೆಯ ವಯಸ್ಸು 31 ಇತ್ತು. 2004-05ರಲ್ಲಿ ಮಾಲೀಕರು ಬೀಗ ಹಾಕಿ ಒಂದು ಇಡೀ ಸೀಸನ್ ರದ್ದಾಯಿತು. ಆಟಗಾರರು ಒಂದು ತಂಡ ಕೊಡುವ ಸಂಬಳಕ್ಕೆ ಒಟ್ಟು ಮಿತಿ, ಅಂದರೆ ಸ್ಯಾಲರಿ ಕ್ಯಾಪ್, ಒಪ್ಪಿಕೊಂಡರು. ಬದಲಿಗೆ ಆ ವಯಸ್ಸು ಹಂತಹಂತವಾಗಿ 27ಕ್ಕೆ ಇಳಿಯಿತು.

ನಾಲ್ಕು ವರ್ಷ ಮುಂಚೆ ಬಂತು, ಒಳ್ಳೆಯದೇ. ಆದರೆ ದೇಹದ ಲೆಕ್ಕ ಬೇರೆ. ಗೋಲು ಹೊಡೆಯುವ ಫಾರ್ವರ್ಡ್‌ಗಳು ಸಾಮಾನ್ಯವಾಗಿ ತಮ್ಮ ಉತ್ತುಂಗ ಮುಟ್ಟುವುದು 25ರ ಆಸುಪಾಸಿನಲ್ಲಿ. ಅಲೆಕ್ಸಾಂಡರ್ ಓವೆಚ್ಕಿನ್ 2025ರ ಏಪ್ರಿಲ್ 6ರಂದು 895ನೇ ಗೋಲು ಹೊಡೆದು ವೇಯ್ನ್ ಗ್ರೆಟ್ಸ್ಕಿಯ ದಾಖಲೆ ಮುರಿದಾಗ ಅವರಿಗೆ 39. ಗಾರ್ಡಿ ಹೋವ್ 52ರವರೆಗೆ ಆಡಿದರು. ಇಂಥವರನ್ನು ನೆನಪಿಟ್ಟುಕೊಂಡು ಈ ವೃತ್ತಿ ಉದ್ದ ಅಂದುಕೊಂಡರೆ ತಪ್ಪಾಗುತ್ತದೆ. ಅವರು ನೆನಪಿರುವುದೇ ಬೇರೆಯವರು ಅಷ್ಟು ಕಾಲ ಉಳಿಯದ ಕಾರಣ.

ಈ ಹಿನ್ನೆಲೆಯಲ್ಲಿ ಕಿರಿಲ್ ಕಪ್ರಿಝೋವ್ ಒಪ್ಪಂದವನ್ನು ನೋಡಿ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮಿನೆಸೋಟ ತಂಡ ಅವನಿಗೆ 8 ವರ್ಷಕ್ಕೆ 13 ಕೋಟಿ 60 ಲಕ್ಷ ಡಾಲರ್ ಬರೆದುಕೊಟ್ಟಿತು. ವರ್ಷಕ್ಕೆ 1 ಕೋಟಿ 70 ಲಕ್ಷ. ಲೀಗ್‌ನ ಚರಿತ್ರೆಯಲ್ಲೇ ದೊಡ್ಡದು. 2015ರ ಡ್ರಾಫ್ಟ್‌ನಲ್ಲಿ ಅವನು ಐದನೇ ಸುತ್ತಿನ 135ನೇ ಆಯ್ಕೆ. ರಷ್ಯಾದ ಕೆಎಚ್‌ಎಲ್ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿ ನಂತರ ಬಂದವನು. ಸಹಿ ಹಾಕಿದಾಗ ಅವನಿಗೆ 28. ಅಂದರೆ ತಂಡ ಈಗ ಕೊಡುತ್ತಿರುವುದು 29ರಿಂದ 37ರವರೆಗಿನ ಆಟಕ್ಕೆ. ಅವನು 23, 24ರಲ್ಲಿ ಆಡಿದ ಆಟದ ಬೆಲೆ ಈಗ ಸಿಗುತ್ತಿದೆ ಎನ್ನುವುದು ಹೆಚ್ಚು ಸರಿ. ಈ ಆಟದಲ್ಲಿ ಸಂಬಳ ಆಟದ ಹಿಂದೆ ಓಡುತ್ತದೆ. ಮುಂದಿನ ಒಪ್ಪಂದದವರೆಗೆ ಬಾಳಿಕೆ ಬಂದವನಿಗೆ ಹಣ, ಮೊದಲೇ ಮೊಣಕಾಲು ಕೊಟ್ಟವನಿಗೆ ಇಲ್ಲ.

ಹೊಸ ನಿಯಮದಲ್ಲಿ ಇಂಥ ಒಪ್ಪಂದದ ಉದ್ದ ಕಡಿಮೆಯಾಗುತ್ತದೆ. ತನ್ನದೇ ತಂಡದ ಜತೆ 8 ವರ್ಷ ಇದ್ದದ್ದು 7, ಬೇರೆ ತಂಡದ ಜತೆ 7 ಇದ್ದದ್ದು 6. ಇದನ್ನು ಆಟಗಾರನ ಗೆಲುವು ಎನ್ನುವವರೂ ಇದ್ದಾರೆ. ಕ್ಯಾಪ್ ಏರುತ್ತಿದೆ: 2024-25ರಲ್ಲಿ 8.8 ಕೋಟಿ ಡಾಲರ್ ಇದ್ದದ್ದು 2025-26ಕ್ಕೆ 9.55 ಕೋಟಿ, 2026-27ಕ್ಕೆ 10.4 ಕೋಟಿ. ಬೇಗ ಮಾರುಕಟ್ಟೆಗೆ ಬಂದರೆ ಏರಿದ ಬೆಲೆ ಸಿಗುತ್ತದೆ ಎಂಬ ವಾದ. 22 ವರ್ಷದ ತಾರೆಗೆ ಇದು ನಿಜ. 28ರವನಿಗೆ ಕೊನೆಯ ಆ ಒಂದು ವರ್ಷ ಖಾತರಿ ಹಣವಾಗಿತ್ತು, ದೇಹ ಕೈಕೊಟ್ಟರೂ ಬರುತ್ತಿದ್ದದ್ದು. ಅದು ಹೋಯಿತು. ನನ್ನ ಅಭಿಪ್ರಾಯದಲ್ಲಿ ಈ ಒಪ್ಪಂದದಲ್ಲಿ ನಿಜವಾಗಿ ಲಾಭವಾದದ್ದು ಕೆಳಗಿನವರಿಗೆ. ಕನಿಷ್ಠ ಸಂಬಳ 7 ಲಕ್ಷ 75 ಸಾವಿರ ಡಾಲರ್‌ನಿಂದ 2026-27ಕ್ಕೆ 8 ಲಕ್ಷ 50 ಸಾವಿರಕ್ಕೆ, 2029-30ಕ್ಕೆ 10 ಲಕ್ಷಕ್ಕೆ ಏರುತ್ತದೆ. ಎರಡೋ ಮೂರೋ ವರ್ಷ ಮಾತ್ರ ಎನ್‌ಎಚ್‌ಎಲ್‌ನಲ್ಲಿ ಉಳಿಯುವವನಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಅಂಕಿ ನೋಡುವಾಗ ಒಂದು ಮಾತು ಮರೆಯಬಾರದು. ಬರೆದ ಸಂಬಳವೆಲ್ಲ ಕೈಗೆ ಬರುವುದಿಲ್ಲ. ಹಾಕಿಯಿಂದ ಬರುವ ಆದಾಯದಲ್ಲಿ ಆಟಗಾರರಿಗೆ ಅರ್ಧ, ಮಾಲೀಕರಿಗೆ ಅರ್ಧ. ಸಂಬಳಗಳ ಮೊತ್ತ ಆ ಅರ್ಧ ದಾಟಿದರೆ ಏನು ಮಾಡುವುದು? ಅದಕ್ಕಾಗಿ ಪ್ರತಿ ಆಟಗಾರನ ಸಂಬಳದಿಂದ ಮೊದಲೇ ಒಂದು ಪಾಲು ಹಿಡಿದಿಡುತ್ತಾರೆ. ಎಸ್ಕ್ರೊ ಎಂದು ಹೆಸರು. ಕೊರೊನಾ ಕಾಲದ 2020-21ರ ಸೀಸನ್‌ನಲ್ಲಿ ಈ ಹಿಡಿತ ಶೇ. 20 ಮುಟ್ಟಿತ್ತು. ಪ್ರೇಕ್ಷಕರಿಲ್ಲದ ರಿಂಕ್‌ನ ನಷ್ಟವನ್ನು ಆಟಗಾರರೂ ಹೀಗೆ ಹೊತ್ತರು. ಇದರ ಮೇಲೆ ತೆರಿಗೆ, ಏಜೆಂಟ್ ಪಾಲು.

ಏಜೆಂಟ್ ಎಂದಾಗ ಬಾಬಿ ಓರ್ ನೆನಪಾಗದೆ ಇರುವುದಿಲ್ಲ. ಡಿಫೆನ್ಸ್ ಆಟಗಾರ ಹೇಗೆ ಆಡಬೇಕು ಎಂಬುದನ್ನೇ ಬದಲಿಸಿದವರು. ಹತ್ತಕ್ಕೂ ಹೆಚ್ಚು ಸಲ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿ, 1978ರಲ್ಲಿ 30ರ ಪ್ರಾಯದಲ್ಲಿ ಆಟ ಬಿಟ್ಟರು. ಅದಕ್ಕೆ ಎರಡು ವರ್ಷ ಮುಂಚೆ ಬಾಸ್ಟನ್ ಬಿಟ್ಟು ಶಿಕಾಗೋಗೆ ಹೋಗಿದ್ದರು. ಅಲ್ಲಿ ಆಡಲು ಆದದ್ದು ಒಟ್ಟು 26 ಪಂದ್ಯ. ಬಾಸ್ಟನ್ ಅವರಿಗೆ ತಂಡದಲ್ಲೇ ಶೇ. 18ಕ್ಕೂ ಹೆಚ್ಚು ಪಾಲು ಕೊಡಲು ಸಿದ್ಧವಿತ್ತು. ಏಜೆಂಟ್ ಅಲನ್ ಈಗಲ್‌ಸನ್ ಆ ಮಾತನ್ನು ಅವರಿಗೆ ತಿಳಿಸಲೇ ಇಲ್ಲ. ಓರ್ ಆಟ ಬಿಡುವಾಗ ಕೈ ಬರಿದಾಗಿತ್ತು. ಈಗಲ್‌ಸನ್ ಆಗ ಆಟಗಾರರ ಸಂಘದ ಮುಖ್ಯಸ್ಥನೂ ಹೌದು. 1998ರಲ್ಲಿ ವಂಚನೆ ಒಪ್ಪಿಕೊಂಡು ಜೈಲಿಗೆ ಹೋದ. ಆಟದ ಚರಿತ್ರೆಯಲ್ಲೇ ಅತ್ಯಂತ ಪ್ರತಿಭಾವಂತರಲ್ಲಿ ಒಬ್ಬರಾದ ಓರ್ ಕೂಡ ತಮ್ಮ ಬದುಕಿನ ಅತಿ ದೊಡ್ಡ ಆಯ್ಕೆಯನ್ನು ತಾವು ಮಾಡಲಿಲ್ಲ. ಅವರ ಮುಂದೆ ಆ ಆಯ್ಕೆಯನ್ನು ಇಡಲೇ ಇಲ್ಲ.

ಎರಡು ಮೀಟರ್

ಹಣದ ಮೀಟರ್ ಓಡಲು ಶುರುವಾಗುವುದು ತಡವಾಗಿ. ಅಪಾಯದ ಮೀಟರ್ ಹಾಗಲ್ಲ, ಅದು ಬಾಲ್ಯದಲ್ಲೇ ಶುರು.

2024ರ ಡಿಸೆಂಬರ್‌ನಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಸತ್ತ ಮೇಲೆ ಮೆದುಳು ದಾನ ಮಾಡಿದ 77 ಗಂಡು ಐಸ್ ಹಾಕಿ ಆಟಗಾರರನ್ನು ಅವರು ಪರೀಕ್ಷಿಸಿದ್ದರು. ಹುಡುಕಿದ್ದು ಸಿಟಿಇ ಎಂಬ ಕಾಯಿಲೆಯನ್ನು. ತಲೆಗೆ ಮತ್ತೆ ಮತ್ತೆ ಬೀಳುವ ಏಟಿನಿಂದ ಮೆದುಳು ನಿಧಾನವಾಗಿ ಸವೆಯುವ ಕಾಯಿಲೆ ಅದು. ಬದುಕಿದ್ದಾಗ ಖಚಿತವಾಗಿ ಪತ್ತೆ ಮಾಡಲು ಆಗದು. ಆಟ ಆಡಿದ ಪ್ರತಿ ಹೆಚ್ಚುವರಿ ವರ್ಷಕ್ಕೆ ಸಿಟಿಇ ಇರುವ ಸಂಭವ ಶೇ. 34ರಷ್ಟು ಏರುತ್ತಿತ್ತು. ದಾನ ಮಾಡಿದವರಲ್ಲಿ ತೊಂದರೆ ಅನುಭವಿಸಿದವರೇ ಹೆಚ್ಚಿರುತ್ತಾರೆ, ಹಾಗಾಗಿ ಎಲ್ಲ ಆಟಗಾರರಲ್ಲೂ ಕಾಯಿಲೆ ಇಷ್ಟೇ ಇದೆ ಎಂದು ಹೇಳಲಾಗದು. ಆದರೆ ವರ್ಷ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ ಎಂಬ ದಿಕ್ಕು ಸ್ಪಷ್ಟ. ಮತ್ತು ಇಲ್ಲಿ ಎಣಿಸುವ ವರ್ಷಗಳಲ್ಲಿ ಸಂಬಳದ ವರ್ಷಗಳ ಜತೆ ಬಿಲೆಟ್ ಮನೆಯ ವರ್ಷಗಳೂ ಇವೆ, ವಾರಗೂಲಿಯ ವರ್ಷಗಳೂ ಇವೆ.

ಡೆರೆಕ್ ಬೂಗಾರ್ಡ್ ಕಥೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ. ಅವನ ಕೆಲಸ ಎನ್‌ಫೋರ್ಸರ್. ಅಂದರೆ ತಂಡದ ತಾರೆಗಳ ಮೈ ಮುಟ್ಟಿದವರ ಜತೆ ಕೈ ಮಿಲಾಯಿಸುವುದು. 277 ಎನ್‌ಎಚ್‌ಎಲ್ ಪಂದ್ಯಗಳಲ್ಲಿ ಅವನು ಹೊಡೆದದ್ದು 3 ಗೋಲು. ಅವನು ತಂಡದಲ್ಲಿದ್ದದ್ದು ಗೋಲಿಗಾಗಿ ಅಲ್ಲ. ಭಾರಿ ಮೈಕಟ್ಟಿನ ಹುಡುಗನಿಗೆ ಹದಿಹರೆಯದಲ್ಲೇ ಈ ಪಾತ್ರ ಅಂಟಿಕೊಂಡಿತ್ತು. ಗುದ್ದಾಡಿದರೆ ಜಾಗ, ಇಲ್ಲದಿದ್ದರೆ ಮನೆ. 2010ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಅವನಿಗೆ 4 ವರ್ಷಕ್ಕೆ 65 ಲಕ್ಷ ಡಾಲರ್ ಒಪ್ಪಂದ ಕೊಟ್ಟಿತು. ಆ ಡಿಸೆಂಬರ್‌ನಲ್ಲಿ ತಲೆಗೆ ಬಿದ್ದ ಏಟಿನ ನಂತರ ಅವನು ಮತ್ತೆ ಆಡಲಿಲ್ಲ. 2011ರ ಮೇ ತಿಂಗಳಲ್ಲಿ ನೋವಿನ ಮಾತ್ರೆ ಮತ್ತು ಮದ್ಯ ಸೇರಿ ತೀರಿಕೊಂಡ. ವಯಸ್ಸು 28. ಮೆದುಳಿನಲ್ಲಿ ಸಿಟಿಇ ಇತ್ತು.

ಮಾಜಿ ಆಟಗಾರರು ಲೀಗ್ ಮೇಲೆ ಹೂಡಿದ ಮೊಕದ್ದಮೆ 2018ರ ನವೆಂಬರ್‌ನಲ್ಲಿ ರಾಜಿಯಲ್ಲಿ ಮುಗಿಯಿತು. 318 ಆಟಗಾರರು, ಒಟ್ಟು ಸುಮಾರು 1 ಕೋಟಿ 90 ಲಕ್ಷ ಡಾಲರ್. ಒಬ್ಬೊಬ್ಬರಿಗೆ ಕೈಗೆ ಬಂದದ್ದು ಸುಮಾರು 22 ಸಾವಿರ, ಜತೆಗೆ ಪರೀಕ್ಷೆ ಚಿಕಿತ್ಸೆಗೆ ಒಂದಿಷ್ಟು. ಲೀಗ್ ತಪ್ಪು ಒಪ್ಪಿಕೊಳ್ಳಲಿಲ್ಲ. 1993ರಿಂದ ಕಮಿಷನರ್ ಆಗಿರುವ ಗ್ಯಾರಿ ಬೆಟ್‌ಮನ್, ಹಾಕಿಗೂ ಸಿಟಿಇಗೂ ನಂಟು ಸಾಬೀತಾಗಿಲ್ಲ ಎಂದೇ ಹೇಳುತ್ತ ಬಂದಿದ್ದಾರೆ. ಈ ನಿಲುವು ನನಗೆ ಒಪ್ಪಿಗೆಯಿಲ್ಲ. ಕಾಯಿಲೆ ಸತ್ತ ಮೇಲೇ ಖಚಿತವಾಗುವಾಗ, ಪೂರ್ತಿ ಪುರಾವೆಗಾಗಿ ಕಾಯುವುದು ಎಂದರೆ ಇನ್ನಷ್ಟು ಸಾವಿಗಾಗಿ ಕಾಯುವುದು.

ರಕ್ಷಣೆಯ ವಿಷಯದಲ್ಲಿ ಈ ಆಟ ಯಾವಾಗಲೂ ಒಂದೇ ಕ್ರಮ ಹಿಡಿದಿದೆ. ಹೊಸಬರಿಗೆ ಕಡ್ಡಾಯ, ಹಳಬರಿಗೆ ಇಷ್ಟ ಬಂದಂತೆ. 1979ರಲ್ಲಿ ಹೆಲ್ಮೆಟ್ ಹೀಗೇ ಬಂತು. ಹೆಲ್ಮೆಟ್ ಇಲ್ಲದೆ ಆಡಿದ ಕೊನೆಯ ಆಟಗಾರ ಕ್ರೇಗ್ ಮ್ಯಾಕ್‌ಟವಿಶ್ ನಿವೃತ್ತರಾದದ್ದು 1997ರಲ್ಲಿ. ಮುಖದ ಗಾಜು 2013ರಲ್ಲಿ ಹೀಗೇ ಬಂತು. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಂ ಜಾನ್ಸನ್ ಎಂಬ ಆಟಗಾರನ ಕುತ್ತಿಗೆಗೆ ಸ್ಕೇಟ್ ಅಲಗು ತಗುಲಿ ಅವರು ತೀರಿಕೊಂಡರು. ಕುತ್ತಿಗೆ ಕವಚ ಎನ್‌ಎಚ್‌ಎಲ್‌ನಲ್ಲೂ ಕಡ್ಡಾಯವಾಗುತ್ತಿದೆ, ಆದರೆ 2026-27ರಿಂದ ಮೊದಲ ಸಲ ಬರುವವರಿಗೆ ಮಾತ್ರ. ಅಲಗು ಹೊಸಬ ಹಳಬ ಎಂದು ನೋಡುವುದಿಲ್ಲ. ಆದರೂ ಹಳಬರು ಒಪ್ಪಿದ್ದು ಇಷ್ಟಕ್ಕೇ. ಜೀವನವಿಡೀ ಬೇರೆಯವರ ತೀರ್ಮಾನದಲ್ಲಿ ಬದುಕಿದವರು ಕೈಗೆ ಬಂದ ಸಣ್ಣ ಆಯ್ಕೆಯನ್ನೂ ಬಿಡಲು ಹಿಂಜರಿಯುತ್ತಾರೆ ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ.

ಇದೇ ಒಪ್ಪಂದದಲ್ಲಿ ಪಂದ್ಯಗಳ ಸಂಖ್ಯೆ 82ರಿಂದ 84ಕ್ಕೆ ಏರಿದೆ. ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳನ್ನು 4ಕ್ಕೆ ಇಳಿಸಿ ಅದನ್ನು ಸರಿದೂಗಿಸಿದ್ದೇವೆ ಎನ್ನುತ್ತಾರೆ. ಅಭ್ಯಾಸ ಪಂದ್ಯದಲ್ಲಿ ತಾರೆಗಳು ಮೈ ಉಳಿಸಿಕೊಂಡು ಆಡುತ್ತಾರೆ. ಲೆಕ್ಕಕ್ಕೆ ಬರುವ ಪಂದ್ಯದಲ್ಲಿ ಹಾಗೆ ಆಡಲಾಗದು.

ಮಹಿಳೆಯರ ವೃತ್ತಿಗೆ ಈ ಎಲ್ಲ ಲೆಕ್ಕ ಇನ್ನೂ ಹೊಸದು. ಮಹಿಳೆಯರ ವೃತ್ತಿಪರ ಲೀಗ್ ಆದ ಪಿಡಬ್ಲ್ಯುಎಚ್‌ಎಲ್ ಶುರುವಾದದ್ದು 2024ರ ಜನವರಿ 1ರಂದು, ಆರು ತಂಡಗಳೊಂದಿಗೆ. 2025-26ಕ್ಕೆ ವ್ಯಾಂಕೂವರ್, ಸಿಯಾಟಲ್ ಸೇರಿ ಎಂಟಾದವು. ಮೊದಲ ವರ್ಷದ ಕನಿಷ್ಠ ಸಂಬಳ 35 ಸಾವಿರ ಡಾಲರ್. ಮೊದಲ ಪಂದ್ಯ ನಡೆಯುವ ಮುಂಚೆಯೇ ಆಟಗಾರ್ತಿಯರು ಸಂಘ ಕಟ್ಟಿ, 2031ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಗಂಡಸರಿಗೆ ಲಿಂಡ್ಸೆಯಿಂದ ಹತ್ತು ವರ್ಷ ಹಿಡಿದ ಕೆಲಸ ಅದು.

ಇಪ್ಪತ್ತರ ಹುಡುಗ

ಮತ್ತೆ ಕಾಲೇಜಿನ ಬಾಗಿಲಿಗೆ ಬರೋಣ. ಎಲ್ಲರ ಕಣ್ಣು ಮೆಕೆನ್ನಾ ಮೇಲೆ. ಆದರೆ ಅವನಂಥವನಿಗೆ ಯಾವ ದಾರಿಯಾದರೂ ಸರಿ, ಕೊನೆಗೆ ಎನ್‌ಎಚ್‌ಎಲ್‌ಗೇ ಹೋಗುತ್ತದೆ. ಈ ನಿಯಮದ ನಿಜವಾದ ಫಲ ಬೇರೆ ಒಬ್ಬನಿಗೆ ಸಿಗುತ್ತದೆ. ಅವನಿಗೆ 20 ವರ್ಷ. ಡ್ರಾಫ್ಟ್‌ನಲ್ಲಿ ಯಾರೂ ಹೆಸರು ಕರೆಯಲಿಲ್ಲ. ಪ್ರತಿ ಜೂನಿಯರ್ ತಂಡ 20 ವರ್ಷದವರನ್ನು ಮೂವರನ್ನು ಮಾತ್ರ ಇಟ್ಟುಕೊಳ್ಳಬಹುದು. ಹಾಗಾಗಿ ಪ್ರತಿ ಶರತ್ಕಾಲದಲ್ಲಿ ನಾಲ್ಕನೆಯವನು, ಐದನೆಯವನು ಬ್ಯಾಗ್ ಕಟ್ಟುತ್ತಾರೆ. ಹಿಂದೆ ಅವನ ಮುಂದಿದ್ದದ್ದು ಕೆಳಗಿನ ಲೀಗ್‌ನ ವಾರದ ಸಂಬಳ, ಇಲ್ಲವೇ ಕೆನಡಾದ ಕಾಲೇಜು. ಜೂನಿಯರ್‌ನಲ್ಲಿ ಆಡಿದ ಒಂದೊಂದು ಸೀಸನ್‌ಗೆ ಒಂದೊಂದು ವರ್ಷದ ಓದಿನ ಖರ್ಚು ಲೀಗ್ ಕೊಡುತ್ತದೆ, ಅದು ಒಳ್ಳೆಯ ವ್ಯವಸ್ಥೆಯೇ. ಆದರೆ ಎನ್‌ಎಚ್‌ಎಲ್ ಕನಸು ಅಲ್ಲಿಗೆ ಹೆಚ್ಚುಕಡಿಮೆ ಮುಗಿಯುತ್ತಿತ್ತು. ಈಗ ಅವನು ಅಮೆರಿಕದ ಕಾಲೇಜಿನಲ್ಲಿ ಓದುತ್ತ, ಗಟ್ಟಿ ಮಟ್ಟದ ಹಾಕಿ ಆಡುತ್ತ, ಇನ್ನೂ ಮೂರು ನಾಲ್ಕು ವರ್ಷ ಬೆಳೆಯಬಹುದು. ತಡವಾಗಿ ಅರಳುವವರಿಗೆ ಈ ಆಟದಲ್ಲಿ ಜಾಗ ಇದೆ. ಜೋ ಪವೆಲ್ಸ್ಕಿ 2003ರ ಡ್ರಾಫ್ಟ್‌ನಲ್ಲಿ 205ನೆಯವನು. ವಿಸ್ಕಾನ್ಸಿನ್ ಕಾಲೇಜಿನಲ್ಲಿ ಎರಡು ವರ್ಷ ಆಡಿ ಬಂದು, ಎನ್‌ಎಚ್‌ಎಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದ.

ಇದಕ್ಕೂ ಬೆಲೆ ತೆರುವವರು ಇದ್ದಾರೆ. ಮೊದಲ ದರ್ಜೆಯ ಕಾಲೇಜು ಗಂಡಸರ ಹಾಕಿ ತಂಡಗಳು 60ಕ್ಕಿಂತ ಸ್ವಲ್ಪ ಜಾಸ್ತಿ. ಆಟಗಾರರ ಜತೆ ಆದಾಯ ಹಂಚಿಕೊಳ್ಳಲು ಒಪ್ಪಿದ ಕಾಲೇಜುಗಳಿಗೆ ತಂಡಕ್ಕೆ 26 ಜನರ ಮಿತಿಯೂ ಬಂದಿದೆ. ಜಾಗ ಹೆಚ್ಚಾಗಿಲ್ಲ, ಕೇಳುವವರು ಹೆಚ್ಚಾಗಿದ್ದಾರೆ. ಹಿಂದೆ, ನಂತರ ಎನ್‌ಎಚ್‌ಎಲ್ ತಾರೆಯಾದ ಕೇಲ್ ಮಕಾರ್ ಅಂಥವನು ಕಾಲೇಜಿನ ಅರ್ಹತೆ ಉಳಿಸಿಕೊಳ್ಳಲೆಂದೇ ದೊಡ್ಡ ಜೂನಿಯರ್ ಬಿಟ್ಟು, ಆಲ್ಬರ್ಟಾದ ಬ್ರೂಕ್ಸ್ ಎಂಬ ಸಣ್ಣ ಊರಿನ ತಂಡದಲ್ಲಿ ಆಡಿದ. ಅಂಥ ಎರಡನೇ ಹಂತದ ಲೀಗ್‌ಗಳು ಕಾಲೇಜಿನ ಆಸೆ ತೋರಿಸಿಯೇ ಬದುಕಿದ್ದವು. ಅಲ್ಲಿನ ಹುಡುಗರಿಗೆ ಮಾತು ಕೊಟ್ಟಿದ್ದ ಕೋಚ್‌ಗಳು ಈಗ ಅದೇ ಜಾಗಕ್ಕೆ ದೊಡ್ಡ ಜೂನಿಯರ್‌ನಲ್ಲಿ ಇನ್ನೂರು ಪಂದ್ಯ ಆಡಿ ಬಂದ 20ರ ಯುವಕನನ್ನು ನೋಡುತ್ತಿದ್ದಾರೆ. 18ರ ಹುಡುಗನಿಗೆ ಫೋನ್ ಮಾಡಿ, ಇನ್ನೊಂದು ವರ್ಷ ಅಲ್ಲೇ ಆಡಿ ಬಾ ಅನ್ನುತ್ತಿದ್ದಾರೆ.